ಜುಗ್ಜ್ವಾಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ಒಂದು ಪದ ಕೇಳಬೇಕಿತ್ತು: ಚೆಸ್‌ನಲ್ಲಿ ಸರದಿ ಬಂದದ್ದಕ್ಕೇ ಸೋಲುವ ಸ್ಥಿತಿಗೆ. ಕಲಬುರಗಿಯಲ್ಲಿ ನಡೆದ ಟೂರ್ನಿಯ ಒಂದು ಚೆಸ್ ಆಟವನ್ನು ಕನ್ನಡದಲ್ಲಿ ವಿವರಿಸಿ ಬರೆಯುತ್ತಿದ್ದೇನೆ. ಇಬ್ಬರೂ ಸಂಜೆ ಹೊತ್ತು ಕ್ಲಬ್ಬಿನಲ್ಲಿ ಆಡುವವರು. ಆರಂಭ ಸಾಧಾರಣ, ನಡುವೆ ಇಬ್ಬರೂ ಒಂದೊಂದು ಕುದುರೆ ಸುಮ್ನೆ ಕಳೆದುಕೊಂಡರು. ಅಲ್ಲಿಯವರೆಗೆ ಪದಕ್ಕೆ ಬರ ಇಲ್ಲ. ತೊಡಕು ಇರುವುದು ಕೊನೆಯಲ್ಲಿ.

ಬೋರ್ಡಿನ ಮೇಲೆ ನಾಲ್ಕೇ ಕಾಯಿ. ಬಿಳಿ ರಾಜ ಡಿ5 ಅನ್ನುವ ಮನೆಯಲ್ಲಿ, ಪೇದೆ ಇ4ರಲ್ಲಿ. ಕಪ್ಪು ರಾಜ ಎಫ್4, ಪೇದೆ ಇ5. ಪೇದೆಗಳು ಎದುರಾಬದುರಾ ನಿಂತು ಅಲ್ಲಾಡುವ ಹಾಗಿಲ್ಲ. ಒಬ್ಬೊಬ್ಬ ರಾಜನೂ ತನ್ನ ಪೇದೆಗೆ ಕಾವಲಿದ್ದು, ಎದುರಿನದರ ಮೇಲೂ ಕಣ್ಣಿಟ್ಟಿದ್ದಾನೆ. ಯಾರ ಸರದಿಯೋ ಅವರು ರಾಜನನ್ನು ಸರಿಸಲೇಬೇಕು. ಸರಿಸಿದರೆ ಪೇದೆ ಹೋಯಿತು, ಪೇದೆ ಹೋದರೆ ಆಟವೂ ಹೋಯಿತು. ‘ಪಾಸ್’ ಅನ್ನುವ ಅವಕಾಶ ಚೆಸ್‌ನಲ್ಲಿ ಇಲ್ಲವಲ್ಲ. ಸರದಿ ಕಪ್ಪಿನದಾಗಿತ್ತು.

ಇದಕ್ಕೆ ಆಟಗಾರರು ಹೇಳುವುದು ಜುಗ್ಜ್ವಾಂಗ್. ಜರ್ಮನ್ ಪದ; ‘ನಡೆ’, ‘ಬಲವಂತ’ ಎರಡೂ ಸೇರಿ ಆದದ್ದು. ಹಾಗಾದರೆ ‘ಬಲವಂತದ ನಡೆ’ ಸಾಕಲ್ವಾ ಅನ್ನಬಹುದು. ಅದನ್ನು ಬೇರೆ ಕಡೆ ಬಳಸುತ್ತೇವೆ: ಶಹ (ಚೆಕ್) ಬಿದ್ದಾಗ ಬೇರೆ ದಾರಿಯಿಲ್ಲದೆ ರಾಜನಿಗೆ ಒಂದೇ ಮನೆ ಉಳಿದಿದ್ದರೆ ಅಲ್ಲಿಗೇ ಹೋಗಬೇಕು. ಅದು ಒಳ್ಳೆಯ ನಡೆಯೂ ಆಗಿರಬಹುದು. ‘ಇಕ್ಕಟ್ಟು’ ಯಾವುದಕ್ಕೂ ಸಲ್ಲುವ ಪದ. ‘ಅತ್ತ ದರಿ ಇತ್ತ ಪುಲಿ’ ಕೇಳಲು ಚೆಂದ, ಆದರೆ ಅಲ್ಲಿ ನಿಂತಲ್ಲೇ ನಿಂತರೂ ಹುಲಿ ಬಿಡುವುದಿಲ್ಲ. ಇಲ್ಲಿ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ!

ಆಟ ನೋಡುತ್ತಿದ್ದ ಹಿರಿಯರೊಬ್ಬರು “ಜಿಚ್ ಆಯ್ತು ನೋಡ್ರಿ” ಅಂದರು. ವಜೀರ, ಶಹ, ಮಾತ್ ಎಲ್ಲ ಉರ್ದುವಿನಿಂದ ಬಂದು ನಮ್ಮ ಕಡೆ ಕನ್ನಡದವರ ಬಾಯಲ್ಲೂ ಸಲೀಸು. ಆದರೆ ಉರ್ದುವಿನಲ್ಲಿ ಜಿಚ್ ಅಂದರೆ ಸ್ಟೇಲ್‌ಮೇಟ್. ಶಹ ಇಲ್ಲ, ಇಡಲು ನಡೆಯೂ ಇಲ್ಲ, ಆಟ ಡ್ರಾ. ನಮ್ಮ ಆಟದಲ್ಲಿ ನಡೆ ಇದೆ, ಅದೇ ಕುತ್ತು. ಬೋರ್ಡಿನ ಹೊರಗೆ ಜಿಚ್‌ಗೆ ಕಾಡಿಸಿ ಸಾಕುಮಾಡುವುದು ಅನ್ನುವ ಅರ್ಥವೂ ಇದೆ. ಅವರು ಹಾಗೆ ಅಂದಿರಬಹುದು. ಆದರೂ ಚೆಸ್ ಬರಹದಲ್ಲಿ ಜಿಚ್ ಅನ್ನು ಸ್ಟೇಲ್‌ಮೇಟ್‌ಗೇ ಮೀಸಲಿಡುವುದು ಸರಿ ಅಂತ ನನ್ನ ಅನಿಸಿಕೆ.

ಸದ್ಯಕ್ಕೆ ‘ನಡೆಗುತ್ತು’ ಅಂತ ಬರೆದಿಟ್ಟಿದ್ದೇನೆ. ‘ಕಪ್ಪು ನಡೆಗುತ್ತಿಗೆ ಸಿಕ್ಕಿತು’ ಅಂದರೆ ವಿವರಣೆ ಇಲ್ಲದೆ ತಿಳಿಯುತ್ತಾ? ಬೀದರ್, ಯಾದಗಿರಿ ಕಡೆಯ ಹಳೆಯ ಆಟಗಾರರಲ್ಲಿ, ಇಲ್ಲವೇ ಹುಲಿ-ಕುರಿ ಆಟದಲ್ಲಿ, ಸರದಿ ಬಂದದ್ದಕ್ಕೇ ಸೋಲುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.