ಅಮ್ಮನ ಜೊತೆ ಎರಡು ದಿನ: ಕೊರ್ದೊಬಾ ಒಂದೇ ಸಾಕಾ, ತೊಲೆದೊ ಗ್ರನಾಡಾನೂ ಸೇರಿಸಲಾ?

ಊರಾಚೆ:

ಎಲ್ಲರಿಗೂ ನಮಸ್ಕಾರ. ನಾನು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ, ವಯಸ್ಸು 67. ಅಕ್ಟೋಬರ್‌ನಲ್ಲಿ ಒಂದು ಶನಿವಾರ, ಭಾನುವಾರ ನನಗೆ ಪೂರ್ತಿ ಬಿಡುವು ಸಿಕ್ಕಿದೆ. ಶನಿವಾರ ಬೆಳಿಗ್ಗೆ ತೊಲೆದೊ, ಸಂಜೆ ಕೊರ್ದೊಬಾ, ಭಾನುವಾರ ಗ್ರನಾಡಾ ಅಂತ ಲೆಕ್ಕ ಹಾಕಿದ್ದೇನೆ. ರೈಲಿನ ಸಮಯವೂ ಹೊಂದುತ್ತದೆ.

ಆದರೆ ಅಮ್ಮನಿಗೆ ಮಂಡಿ ನೋವು. ಹೋದ ವಾರ ಬಾರ್ಸಿಲೋನಾದಲ್ಲಿ ಒಂದೇ ದಿನ ಐದು ಜಾಗ ತೋರಿಸಿದೆ. ರಾತ್ರಿ ರೂಮಿನಲ್ಲಿ ಅಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಈ ಸಲ ಅವರು ಖುಷಿಯಾಗಿ, ನಿಧಾನವಾಗಿ ನೋಡಬೇಕು. ಮೂರೂ ಊರು ಇಟ್ಟುಕೊಳ್ಳಲಾ, ಬಿಡಲಾ? ಇನ್ನೊಂದು ವಿಷಯ, ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿ ಆಗುತ್ತದೆ.

ನದಿದಂಡೆ:

ದಯವಿಟ್ಟು ಒಂದೇ ಊರು ಇಟ್ಟುಕೊಳ್ಳಿ. ಕೊರ್ದೊಬಾ. ನಾನು ಆರು ವರ್ಷದಿಂದ ಸೆವಿಯಾದಲ್ಲಿದ್ದೇನೆ. ಕೊರ್ದೊಬಾಗೆ ರೈಲಿನಲ್ಲಿ ಮುಕ್ಕಾಲು ಗಂಟೆ, ಹಾಗಾಗಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮೂರು ಊರಾದರೆ ಹೋದ ಪುಟ್ಟ ಬಂದ ಪುಟ್ಟ ಆಗುತ್ತದೆ, ಅಮ್ಮನಿಗೆ ನೆನಪಿರುವುದು ಸ್ಟೇಷನ್‌ಗಳು ಮಾತ್ರ. ತೊಲೆದೊ ಬೆಟ್ಟದ ಮೇಲಿನ ಊರು, ಎಲ್ಲಿ ನೋಡಿದರೂ ಏರು. ಮ್ಯಾಡ್ರಿಡ್‌ನಿಂದ ಅರ್ಧ ಗಂಟೆಯ ರೈಲು ಅಷ್ಟೇ, ನೀವು ಯಾವಾಗ ಬೇಕಾದರೂ ಹೋಗಬಹುದು. ಗ್ರನಾಡಾದ ಅಲ್‌ಹಂಬ್ರಾ ಕೋಟೆ-ಅರಮನೆ ನೋಡೋಕೆ ಗಂಟೆಗಟ್ಟಲೆ ನಡೀಬೇಕು. ಕೊರ್ದೊಬಾದ ಹಳೇ ಊರು ಹೆಚ್ಚುಕಡಿಮೆ ಸಮತಟ್ಟು. ಆದರೆ ಗಲ್ಲಿಗಳಲ್ಲಿ ಸಣ್ಣ ಸಣ್ಣ ಗುಂಡುಕಲ್ಲು ಹಾಸಿದ್ದಾರೆ, ತೆಳು ಚಪ್ಪಲಿಯಲ್ಲಿ ಪಾದ ಚುಚ್ಚುತ್ತದೆ. ಅಮ್ಮನಿಗೆ ದಪ್ಪ ಅಟ್ಟೆಯ ಶೂ ಹಾಕಿಸಿ.

ಶುಕ್ರವಾರ ಸಂಜೆಯೇ ಮ್ಯಾಡ್ರಿಡ್‌ನ ಅತೋಚಾ ಸ್ಟೇಷನ್‌ನಿಂದ ವೇಗದ ರೈಲು ಹತ್ತಿ. ಎರಡು ಗಂಟೆಯೊಳಗೆ ತಲುಪುತ್ತೀರಿ. ಹಿಂದಿನ ರಾತ್ರಿಯೇ ಬನ್ನಿ ಅನ್ನುವುದಕ್ಕೆ ಕಾರಣವಿದೆ. ಮೆಸ್ಕೀತಾ, ಅಂದರೆ ಅಲ್ಲಿನ ದೊಡ್ಡ ಮಸೀದಿ-ಕೆಥೆಡ್ರಲ್, ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8:30ರಿಂದ 9:30ರವರೆಗೆ ಉಚಿತ. ಆ ಹೊತ್ತಿಗೆ ಪ್ರವಾಸಿ ಗುಂಪುಗಳನ್ನು ಬಿಡುವುದಿಲ್ಲ. ದುಡ್ಡು ಉಳಿಯುತ್ತದೆ ಅನ್ನುವುದಕ್ಕಲ್ಲ, ಆ ಮೌನಕ್ಕಾಗಿ ಹೋಗಿ. ನಾನು ಮೊದಲ ಸಲ ಹನ್ನೊಂದು ಗಂಟೆಗೆ ಹೋಗಿದ್ದೆ. ನೂರಾರು ಜನ, ಗೈಡ್‌ಗಳ ಮಾತು. ಏನೂ ಮನಸ್ಸಿಗೆ ಇಳಿಯಲಿಲ್ಲ. ಎರಡನೇ ಸಲ ಬೆಳಿಗ್ಗೆ ಹೋದಾಗ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತಿತ್ತು. ಕಂಬದ ಹಿಂದೆ ಕಂಬ, ಕಮಾನಿನ ಹಿಂದೆ ಕಮಾನು. ನಮ್ಮ ಕಡೆಯ ಅಡಿಕೆ ತೋಟದೊಳಗೆ ನಿಂತ ಹಾಗೆ ಅನಿಸಿತು. ಶಿವಮೊಗ್ಗದವರಾದ ನಿಮ್ಮ ಅಮ್ಮನಿಗೂ ಹಾಗೇ ಅನಿಸಬಹುದು.

ಒಳಗೆ ಈಗ 856 ಕಂಬಗಳಿವೆ. ಎಂಟನೇ ಶತಮಾನದ ಕೊನೆಯಲ್ಲಿ ಇಲ್ಲಿನ ಮುಸ್ಲಿಂ ದೊರೆ ಮೊದಲನೇ ಅಬ್ದ್ ಅಲ್ ರಹಮಾನ್ ಮಸೀದಿ ಕಟ್ಟಿಸಲು ಶುರುಮಾಡಿದಾಗ ಹಳೆಯ ರೋಮನ್ನರ, ಅವರ ನಂತರ ಆಳಿದ ವಿಸಿಗೋತರ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಹಾಗಾಗಿ ಆ ಹಳೆಯ ಭಾಗದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಬಣ್ಣ ಬೇರೆ, ತಲೆಯ ಕೆತ್ತನೆ ಬೇರೆ. ಕಂಬಗಳು ಗಿಡ್ಡ, ಸೂರು ಮಾತ್ರ ಎತ್ತರ ಬೇಕು. ಅದಕ್ಕೇ ಒಂದು ಕಮಾನಿನ ಮೇಲೆ ಇನ್ನೊಂದು ಕಮಾನು ಏರಿಸಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು ಇಟ್ಟಿಗೆ. ಇಷ್ಟನ್ನು ಅಮ್ಮನಿಗೆ ಹೇಳಿ ಒಳಗೆ ಕರೆದುಕೊಂಡು ಹೋದರೆ ಸಾಕು, ಮಿಕ್ಕಿದ್ದು ಅವರೇ ನೋಡುತ್ತಾರೆ. ಮಿಹ್ರಾಬ್‌ನ, ಅಂದರೆ ಗೋಡೆಯಲ್ಲಿರುವ ಪ್ರಾರ್ಥನೆಯ ಗೂಡಿನ, ಚಿನ್ನದ ಮೊಸಾಯಿಕ್ ಮುಂದೆ ಮಾತ್ರ ಐದು ನಿಮಿಷ ಜಾಸ್ತಿ ನಿಲ್ಲಿ.

1236ರಲ್ಲಿ ಊರು ಕ್ರೈಸ್ತ ರಾಜನ ಕೈಗೆ ಬಂದ ಮೇಲೆ ಅದೇ ಕಟ್ಟಡ ಚರ್ಚ್ ಆಯಿತು. 1523ರಲ್ಲಿ ನಟ್ಟನಡುವೆ ಕಂಬಗಳನ್ನು ತೆಗೆದು ಎತ್ತರದ ಕೆಥೆಡ್ರಲ್ ಎಬ್ಬಿಸಲು ಶುರುಮಾಡಿದರು. ಬೇಡ ಅಂತ ಊರಿನ ಆಡಳಿತವೇ ವಿರೋಧಿಸಿತ್ತು. ನನಗೆ ಆ ಜಾಗಕ್ಕೆ ಬಂದಾಗ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಚರ್ಚ್ ಆಗಿ ಬಳಕೆಯಲ್ಲಿ ಇದ್ದುದರಿಂದಲೇ ಸುತ್ತಲಿನ ಮಸೀದಿ ಉಳಿಯಿತು ಅನ್ನುವವರ ಮಾತನ್ನೂ ತಳ್ಳಿಹಾಕಲಾರೆ.

ಹೊರಗೆ ಬಂದರೆ ಕಿತ್ತಳೆ ಮರಗಳ ಅಂಗಳ. ಅಲ್ಲಿಗೆ ಟಿಕೆಟ್ ಬೇಡ. ಮರದಿಂದ ಮರಕ್ಕೆ ನೀರು ಹರಿಯುವ ಸಣ್ಣ ಕಾಲುವೆ ಇದೆ. ಅಮ್ಮನನ್ನು ನೆರಳಲ್ಲಿ ಕೂರಿಸಿ, ಎಬ್ಬಿಸೋಕೆ ಹೋಗಬೇಡಿ. ಹಣ್ಣು ಮಾತ್ರ ಕಹಿ, ತಿನ್ನುವಂಥದ್ದಲ್ಲ.

ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ನೀವೂ ರೂಮಿಗೆ ಹೋಗಿ ಮಲಗಿ. ಸಂಜೆ ರೋಮನ್ ಸೇತುವೆಗೆ ಹೋಗಿ, ಗಾಡಿಗಳ ಕಾಟವಿಲ್ಲ. ನಡುವೆ ಊರು ಕಾಯುವ ದೇವದೂತ ಸಾನ್ ರಫಾಯೆಲ್ ಮೂರ್ತಿಯ ಬುಡದಲ್ಲಿ ಜನ ಮೇಣದಬತ್ತಿ ಹಚ್ಚಿರುತ್ತಾರೆ. ಕೆಳಗೆ ಗ್ವಾದಲ್ಕಿವೀರ್ ನದಿಯ ಕುರುಚಲು ದ್ವೀಪಗಳಿಗೆ ಕತ್ತಲಾಗುವ ಹೊತ್ತಿಗೆ ಬೆಳ್ಳಕ್ಕಿಗಳು ವಾಪಸ್ ಬರುತ್ತವೆ.

ಊಟಕ್ಕೆ ಸಾಲ್ಮೊರೆಹೊ ಕೇಳಿ. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿದ ಗಟ್ಟಿ ತಣ್ಣನೆ ಸೂಪು. ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸುವುದು ರೂಢಿ. ‘ಸಿನ್ ಹಮೋನ್, ಸಿನ್ ವೇವೊ’ ಅಂದರೆ ಎರಡೂ ಹಾಕುವುದಿಲ್ಲ. ಇನ್ನೊಂದು, ಕರಿದ ಬದನೆಕಾಯಿ. ಅದರ ಮೇಲೆ ಕಬ್ಬಿನ ಹಾಲು ಕಾಯಿಸಿ ಮಾಡಿದ ಪಾಕ ಸುರಿಯುತ್ತಾರೆ, ನಮ್ಮ ಜೋನಿ ಬೆಲ್ಲದ ಅಣ್ಣತಮ್ಮ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ, ಅದೇ ಎಣ್ಣೆಯಲ್ಲಿ ಮೀನು ಕರಿದಿದ್ದಾರಾ ಅಂತ ಮೊದಲು ಕೇಳಿಬಿಡಿ. ರಾತ್ರಿ ಅಡುಗೆಮನೆ ತೆರೆಯುವುದು ಎಂಟೂವರೆ, ಒಂಬತ್ತಕ್ಕೆ. ಅಮ್ಮನ ಊಟದ ಹೊತ್ತಿಗೆ ಬ್ಯಾಗಿನಲ್ಲಿ ಏನಾದರೂ ಇಟ್ಟುಕೊಳ್ಳಿ.

ಕಲ್ಲುಬಳ್ಳಿ:

ಭಾನುವಾರ ಮದೀನಾ ಅಜಾರಾ ಬಿಡಬೇಡಿ. 936ರ ಸುಮಾರಿಗೆ ಮೂರನೇ ಅಬ್ದ್ ಅಲ್ ರಹಮಾನ್ ಕಟ್ಟಿಸಲು ಶುರುಮಾಡಿದ ಅರಮನೆಯ ಊರು. ನೂರು ವರ್ಷವೂ ಬಾಳಲಿಲ್ಲ. ಊರಿನಿಂದ ಸುಮಾರು 8 ಕಿಲೋಮೀಟರ್. 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ನದಿದಂಡೆ:

ನನಗೂ ಆ ಜಾಗ ತುಂಬಾ ಇಷ್ಟ. ಆದರೆ ಅದು ಬೆಟ್ಟದ ಇಳಿಜಾರಿನಲ್ಲಿದೆ, ಮೆಟ್ಟಿಲು, ಬಿಸಿಲು ಎರಡೂ ಜಾಸ್ತಿ. ಮಂಡಿ ನೋವಿದ್ದವರಿಗೆ ನಾನು ಹೇಳಲಾರೆ. ಅದರ ಬದಲು ವಿಯಾನಾ ಅರಮನೆಗೆ ಹೋಗಿ. ಹನ್ನೆರಡು ಅಂಗಳಗಳಿವೆ. ನಮ್ಮ ತೊಟ್ಟಿಮನೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಡುವೆ ಆಕಾಶ, ಸುತ್ತ ಮನೆ, ಗೋಡೆ ತುಂಬಾ ಹೂಕುಂಡ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಅಂಗಳದ ನೀರು, ಗಿಡಗಳೇ ಮನೆಯನ್ನು ತಂಪಾಗಿಡುತ್ತವೆ. ಮೇ ತಿಂಗಳಲ್ಲಿ ಜನ ತಮ್ಮ ಮನೆಯ ಅಂಗಳಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ. ಆ ಹಬ್ಬಕ್ಕೆ 2012ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದೆ. ವಿಯಾನಾ ಅರಮನೆಯನ್ನು ಭಾನುವಾರ ಮಧ್ಯಾಹ್ನಕ್ಕೇ ಮುಚ್ಚುತ್ತಾರೆ, ಬೆಳಿಗ್ಗೆಯೇ ಹೋಗಿ.

ಊರಾಚೆ:

ಅಕ್ಕಾ, ಹೋಗಿ ಬಂದೆವು. ಕೊರ್ದೊಬಾ ಒಂದೇ. ಮೆಸ್ಕೀತಾದ ಒಳಗೆ ಅಮ್ಮ ಒಂದು ಕಂಬ ಮುಟ್ಟಿ, ಪಕ್ಕದ ಕಂಬ ಮುಟ್ಟಿ, “ಇದು ನುಣುಪು, ಅದು ತರಿತರಿ” ಅಂದರು. ಕಿತ್ತಳೆ ಅಂಗಳದಲ್ಲಿ ಒಂದೂವರೆ ಗಂಟೆ ಕೂತಿದ್ದೆವು. ಅಷ್ಟು ಹೊತ್ತು ನಾವಿಬ್ಬರೂ ಸುಮ್ನೆ ಕೂತು ಮಾತಾಡಿದ್ದು ಅಪ್ಪ ಹೋದ ಮೇಲೆ ಇದೇ ಮೊದಲು. ಬದನೆಕಾಯಿ ಎರಡು ಪ್ಲೇಟು ಖಾಲಿಯಾಯಿತು.

ಒಂದು ಅಂಗಳದಲ್ಲಿ ಉದ್ದ ಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿ, ಎತ್ತರದ ಕುಂಡಗಳಿಗೆ ನೀರು ಹಾಕುತ್ತಿದ್ದರು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿದ್ದಾರೆ. ಶಿವಮೊಗ್ಗದ ಮನೆಯ ಮಹಡಿ ಅಂಚಿನ ಸೇವಂತಿಗೆಗೆ ನೀರು ಎಟುಕುವುದಿಲ್ಲವಂತೆ. ನಿನ್ನೆಯೇ ತಮ್ಮನಿಗೆ ಫೋನ್ ಮಾಡಿ ಬಿದಿರಿನ ಗಳ ಹುಡುಕೋಕೆ ಹೇಳಿದರು.