ವಾರಂಟಿ ಇರುವ ಸೆಕೆಂಡ್ ಹ್ಯಾಂಡ್ ಕಾರು ಮೂರನೇ ಸಲ ಬಿಸಿಯಾಗಿ ನಿಂತಿದೆ, ಇಎಂಐ ನಿಲ್ಲಿಸಲಾ?

ಆರ್‌ಆರ್ ನಗರದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾಲ್ಕು ತಿಂಗಳ ಹಿಂದೆ 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡೆ. 4 ಲಕ್ಷದ 85 ಸಾವಿರ. ಆಗ ಮೀಟರ್‌ನಲ್ಲಿ 58,000 ಕಿಮೀ ಇತ್ತು. ಡೀಲರ್ 6 ತಿಂಗಳು ಅಥವಾ 7,500 ಕಿಮೀ ವಾರಂಟಿ ಕೊಟ್ಟಿದ್ದಾರೆ, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ. ಹೆಸರು ಹಾಕಲ್ಲ. ಹಾಕಿದರೆ ಅದೊಂದು ಬೇರೆ ತಲೆನೋವು.

ಮೊದಲನೇ ಸಲ ಸಿಲ್ಕ್ ಬೋರ್ಡ್‌ನಲ್ಲಿ, ಸಂಜೆ ಏಳು ಗಂಟೆಗೆ, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಥರ್ಮಾಮೀಟರ್ ದೀಪ ಬಂತು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಮ್ಮಿ ಇತ್ತು ಅಂತ ತುಂಬಿಸಿ ಕಳಿಸಿದರು. ಮೂರು ವಾರ ಬಿಟ್ಟು ಟಿನ್ ಫ್ಯಾಕ್ಟರಿ ಹತ್ತಿರ ಅದೇ ಕತೆ. ಗಾಡಿಯನ್ನು ಐದು ದಿನ ಇಟ್ಟುಕೊಂಡು ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ವಾಲ್ವ್) ಬದಲಾಯಿಸಿದ್ದೇವೆ ಎಂದರು. ಎಸಿ ಬೇರೆ ಸಿಗ್ನಲ್‌ನಲ್ಲಿ ಬಿಸಿ ಗಾಳಿ ಕೊಡ್ತಿತ್ತು, ಗ್ಯಾಸ್ ಕಮ್ಮಿ ಅಂತ ಅದಕ್ಕೆ 1,800 ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಮೂರನೇದು ಹೋದ ಭಾನುವಾರ. ಕನಕಪುರದಲ್ಲಿ ಸೋದರಮಾವನ ಮನೆ ಗೃಹಪ್ರವೇಶ ಮುಗಿಸಿಕೊಂಡು ವಾಪಸ್ ಬರುತ್ತಿದ್ದೆವು. ಹಾರೋಹಳ್ಳಿ ದಾಟುವವರೆಗೂ ಜುಮ್ಮಂತ ಬಂದ ಗಾಡಿ, ತಲಘಟ್ಟಪುರದ ಟ್ರಾಫಿಕ್‌ನಲ್ಲಿ ಹದಿನೈದು ನಿಮಿಷ ತೆವಳಿದ ಮೇಲೆ ಬಾನೆಟ್ ಸಂದಿಯಿಂದ ಹೊಗೆ ಬಿಟ್ಟಿತು. ಅಮ್ಮ ಗೃಹಪ್ರವೇಶದ ಕಾರ್ಡಿನಲ್ಲೇ ಗಾಳಿ ಬೀಸಿಕೊಳ್ಳುತ್ತಾ, "ಬಸ್ಸಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಊಟ ಮಾಡಿ ಮಲಗಬಹುದಿತ್ತು ಕಣೋ" ಎಂದರು. ಏನು ಹೇಳಲಿ ನಾನು.

ಈಗ ಡೀಲರ್ ಹೇಳುತ್ತಿರುವುದು: ರೇಡಿಯೇಟರ್ ಹೋಗಿದೆ, ಅದು ವಾರಂಟಿಯಲ್ಲಿ ಬರಲ್ಲ, 14,000 ಕೊಡಿ. ಇನ್ನು ಎರಡು ತಿಂಗಳಲ್ಲಿ ವಾರಂಟಿಯೇ ಮುಗಿಯುತ್ತದೆ. ತಿಂಗಳಿಗೆ 9,400 ಇಎಂಐ ಕಟ್ಟುತ್ತಿದ್ದೇನೆ. ಅದನ್ನು ನಿಲ್ಲಿಸಿದರೆ ಇವರಿಗೆ ಬಿಸಿ ಮುಟ್ಟುತ್ತದಾ? ಹಳೇ ಗಾಡಿಗೆ ಗ್ರಾಹಕರ ಕೋರ್ಟ್‌ನಲ್ಲಿ ಕೇಸ್ ನಿಲ್ಲುತ್ತದಾ?

ಡಬಲ್ ಡೆಕ್ಕರ್:

ಆ ದುಡ್ಡಿಗೆ ಹೊಸ ಸ್ಕೂಟರ್ ತಗೊಂಡು ಮಿಕ್ಕಿದ್ದನ್ನು ಎಫ್‌ಡಿ ಇಡಬಹುದಿತ್ತು ಗುರು. ಡೀಲರ್ ವಾರಂಟಿ ಅಂದ್ರೆ ಮದುವೆ ಬ್ರೋಕರ್ ಮಾತಿನ ಹಾಗೆ.

ಆರ್‌ಆರ್ ನಗರದವ:

ಸ್ಕೂಟರ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಕನಕಪುರಕ್ಕೆ ಹೋಗಿ ತೋರಿಸಿ, ಆಮೇಲೆ ಮಾತಾಡೋಣ.

ಗ್ರೀಸ್ ಕೈ:

ಕಮಲಾನಗರದಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ನಿಮ್ಮ ಪೋಸ್ಟ್‌ನಲ್ಲಿ ನೀವು ಸುಮ್ನೆ ದಾಟಿಸಿಕೊಂಡು ಹೋದ ಒಂದು ಮಾತಿದೆ ನೋಡಿ, ಎಸಿ ಸಿಗ್ನಲ್‌ನಲ್ಲಿ ಬಿಸಿ ಗಾಳಿ ಕೊಡುತ್ತದೆ ಅಂತ. ನನಗೆ ಕಣ್ಣಿಗೆ ಬಿದ್ದಿದ್ದು ಅದೇ.

ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ರೇಡಿಯೇಟರ್‌ನ ಮುಂದೆ. ಗಾಡಿ ಓಡುವಾಗ ಎದುರುಗಾಳಿಯೇ ಎರಡನ್ನೂ ತಣ್ಣಗೆ ಮಾಡುತ್ತದೆ. ನಿಂತಾಗ ಆ ಕೆಲಸ ಮಾಡುವುದು ಹಿಂದಿರುವ ಫ್ಯಾನ್. ಹೈವೇಯಲ್ಲಿ ಸರಿ, ಟ್ರಾಫಿಕ್‌ನಲ್ಲಿ ಎಂಜಿನ್ನೂ ಬಿಸಿ, ಎಸಿನೂ ಬಿಸಿ ಅಂದರೆ ನಾನು ಮೊದಲು ಫ್ಯಾನ್ ನೋಡುತ್ತೇನೆ. ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೆ ಹೈವೇಯಲ್ಲೂ ಬಿಸಿಯಾಗಬೇಕಿತ್ತು. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಸ್ಪೀಡ್‌ನಲ್ಲಿ, ಏರಿನಲ್ಲಿ ಗೊತ್ತಾಗುತ್ತದೆ. ನಿಮ್ಮ ಗಾಡಿ ಕನಕಪುರದಿಂದ ಜುಮ್ಮಂತ ಬಂತಲ್ಲ.

ಮನೆ ಮುಂದೆಯೇ ಟೆಸ್ಟ್ ಮಾಡಬಹುದು. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ. ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೋಟಾರ್, ರಿಲೇ, ಫ್ಯೂಸ್, ಇಲ್ಲವೇ ಸ್ಲೋ ಸ್ಪೀಡ್‌ನ ರೆಸಿಸ್ಟರ್, ಇಷ್ಟರಲ್ಲಿ ಒಂದು. ಕೈ ಮಾತ್ರ ಹತ್ತಿರ ತಗೊಂಡು ಹೋಗಬೇಡಿ, ಯಾವಾಗ ಬೇಕಾದರೂ ತಿರುಗಬಹುದು. ಗಾಡಿಯ ಕಂಪ್ಯೂಟರ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಯಾರ ಹತ್ತಿರವಾದರೂ ಇದ್ದರೆ ಸಿಕ್ಕಿಸಿ ಕೂಲೆಂಟ್ ಟೆಂಪರೇಚರ್ ನೋಡಿ. ಪಿ0480 ಅಂತ ಕೋಡ್ ಬಂದರೆ ಅದು ಫ್ಯಾನ್ ಸರ್ಕ್ಯೂಟ್‌ನದೇ. ಬರದಿದ್ದರೆ ಫ್ಯಾನ್ ಚೆನ್ನಾಗಿದೆ ಅಂತ ಅಲ್ಲ, ಎಷ್ಟೋ ಸಲ ಮೋಟಾರ್ ಸತ್ತಿದ್ದರೂ ಕೋಡ್ ಬರುವುದಿಲ್ಲ.

ಇನ್ನೊಂದು ಜಾಸ್ತಿ ಮುಖ್ಯ. ಮೂರು ಸಲ ಕುದ್ದಿರುವ ಎಂಜಿನ್ ಇದು. ಎಂಜಿನ್ ಮೇಲ್ಭಾಗದ ಹೆಡ್ ಅಲ್ಯೂಮಿನಿಯಂದು, ಬಿಸಿಗೆ ಬಾಗುತ್ತದೆ, ಅದರ ಕೆಳಗಿನ ಸೀಲ್, ಅಂದರೆ ಗ್ಯಾಸ್ಕೆಟ್, ಹೋಗುತ್ತದೆ. ಕೂಲೆಂಟ್ ಬಾಯಿಗೆ ನೀಲಿ ದ್ರವದ ಟ್ಯೂಬ್ ಇಟ್ಟು ನೋಡುವ ಟೆಸ್ಟ್ ಒಂದಿದೆ, ಎಂಜಿನ್ ಗ್ಯಾಸ್ ಸೋರುತ್ತಿದ್ದರೆ ನೀಲಿ ಹೋಗಿ ಹಳದಿ ಆಗುತ್ತದೆ. ಅದನ್ನು ವಾರಂಟಿ ಮುಗಿಯುವ ಮೊದಲೇ ಮಾಡಿಸಿ. ಗ್ಯಾಸ್ಕೆಟ್ ಎಂಜಿನ್ ಲೆಕ್ಕಕ್ಕೇ ಬರುತ್ತದೆ, ಆಗ ರೇಡಿಯೇಟರ್ ಕತೆ ಹೇಳೋಕಾಗಲ್ಲ.

ಕೆಂಪು ದೀಪ ಬಂದ ಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಮುಖಕ್ಕೆ ಎರಚುತ್ತದೆ. ನಮ್ಮ ಹುಡುಗನೊಬ್ಬನ ಮೊಣಕೈಯಲ್ಲಿ ಆ ಕಲೆ ಇನ್ನೂ ಇದೆ.

ಜಾಬ್ ಕಾರ್ಡ್ ಅಕ್ಕ:

ಮೊದಲು ಇಎಂಐ ವಿಷಯ. ನಿಲ್ಲಿಸಬೇಡಿ. ಸಾಲ ಕೊಟ್ಟಿದ್ದು ಬ್ಯಾಂಕ್, ಗಾಡಿ ಕೊಟ್ಟಿದ್ದು ಡೀಲರ್. ನೀವು ಕಟ್ಟದಿದ್ದರೆ ಡೀಲರ್‌ಗೆ ಒಂದು ಸೊಳ್ಳೆ ಕಚ್ಚಿದಷ್ಟೂ ಆಗಲ್ಲ. ಸಿಬಿಲ್ ಹಾಳಾಗುವುದು ನಿಮ್ಮದು.

ನನ್ನದು ಎಎಂಟಿ, ಅಂದ್ರೆ ಗೇರ್ ತಾನೇ ಬದಲಾಯಿಸುವ ಗಾಡಿ. ಏರಿನಲ್ಲಿ ತಾನಾಗೇ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಒಂದು ಸಲ ಮಲ್ಲೇಶ್ವರದಲ್ಲಿ ಹಿಂದಿದ್ದ ಆಟೋಗೆ ತಾಗುವುದೊಂದು ಬಾಕಿ. ನಾಲ್ಕು ಸಲ ಸರ್ವಿಸ್‌ಗೆ ಬಿಟ್ಟು ಬಂದೆ. ಕೊನೆಗೆ ಜಗಳಕ್ಕೆ ಅಂತ ನಾಲ್ಕೂ ಜಾಬ್ ಕಾರ್ಡ್ (ಗಾಡಿ ಬಿಡುವಾಗ ದೂರು ಬರೆದುಕೊಳ್ಳುವ ಕಾಗದ) ಮುಂದೆ ಹರಡಿಕೊಂಡು ಕೂತರೆ, ಒಂದರಲ್ಲಿ "ಜನರಲ್ ಚೆಕಪ್", ಇನ್ನೊಂದರಲ್ಲಿ "ಸಾಫ್ಟ್‌ವೇರ್ ಅಪ್‌ಡೇಟ್", ಮತ್ತೊಂದರಲ್ಲಿ "ಗೇರ್ ಆಯಿಲ್", ಕೊನೇದರಲ್ಲಿ ಬರೀ "ವಾಷಿಂಗ್". ನಾನು ನಾಲ್ಕು ಸಲವೂ ಬಾಯಲ್ಲಿ ಹೇಳಿದ್ದು ಒಂದೇ ದೂರು. ಕಾಗದದಲ್ಲಿ ಅದು ಒಂದು ಸಲವೂ ಇರಲಿಲ್ಲ! ತೊಳೆಸೋಕೆ ಹೋಗಿದ್ದೆ ಅಂತ ಇತ್ತು.

ಐದನೇ ಸಲ ಸರ್ವಿಸ್ ಅಡ್ವೈಸರ್ ಪಕ್ಕದಲ್ಲೇ ನಿಂತು, ನನ್ನ ಮಾತಿನಲ್ಲೇ ಬರೆಸಿದೆ: "ಏರಿನಲ್ಲಿ ನ್ಯೂಟ್ರಲ್‌ಗೆ ಬೀಳುತ್ತದೆ, ಇದೇ ದೂರಿಗೆ ಐದನೇ ಬಾರಿ." ಸಹಿ ಹಾಕುವ ಮೊದಲು ಫೋಟೋ ತೆಗೆದೆ. ಅದೇ ರಾತ್ರಿ ಹಿಂದಿನ ನಾಲ್ಕು ತಾರೀಖು, ಕಿಮೀ ರೀಡಿಂಗ್ ಹಾಕಿ ಇಮೇಲ್ ಮಾಡಿದೆ. ನೀವೂ ಇವತ್ತೇ ಮಾಡಿ. ಭಾನುವಾರದ ಟೋಯಿಂಗ್ ರಸೀದಿ ಇದ್ದರೆ ಸೇರಿಸಿ, ಇಲ್ಲಾಂದ್ರೆ ದೀಪ ಬಂದ ಮೇಲೂ ಓಡಿಸಿದ್ದೀರಿ ಅಂತ ನಿಮ್ಮ ತಲೆಗೇ ಕಟ್ಟುತ್ತಾರೆ. ಗಾಡಿ ಅವರ ಹತ್ತಿರ ಇದ್ದ ದಿನಗಳನ್ನು ವಾರಂಟಿಗೆ ಸೇರಿಸಿ ಕೊಡಿ ಅಂತಲೂ ಕೇಳಿ. ಕೊಡದಿದ್ದರೂ ಕೇಳಿದ್ದು ದಾಖಲೆಯಲ್ಲಿರುತ್ತದೆ.

ಕೇಸ್ ಖಂಡಿತ ಹಾಕಬಹುದು. ಹಳೇ ಗಾಡಿ ಆದರೇನು, ವಾರಂಟಿ ಅಂತ ಬರೆದುಕೊಟ್ಟಿದ್ದಾರಲ್ವಾ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದೆ, ಶುಲ್ಕವೇ ಇಲ್ಲ. ನನ್ನದು 6 ಲಕ್ಷ ದಾಟಿತ್ತು, 200 ರೂಪಾಯಿ ಕಟ್ಟಿದೆ. ವಕೀಲರು ಬೇಕೇ ಬೇಕು ಅಂತಿಲ್ಲ. ಈಗ ಗ್ರಾಹಕ ದೂರಿನ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ನಾನು ಶಾಂತಿನಗರದ ಆಯೋಗದ ಕಚೇರಿಗೆ ಅಲೆದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಕೆಲವು ಡೀಲರ್‌ಗಳು ಅಷ್ಟಕ್ಕೇ ದಾರಿಗೆ ಬರುತ್ತಾರೆ.

ಪೂರ್ತಿ ದುಡ್ಡು ವಾಪಸ್ ಬರುತ್ತದೆ ಅಂತ ಮಾತ್ರ ಕನಸು ಕಾಣಬೇಡಿ. ನನಗೆ ಬರಲಿಲ್ಲ. ನೋಟಿಸ್ ಹೋದ ಮೇಲೆ ಅವರೇ ಕರೆದು ಕ್ಲಚ್, ಗೇರ್ ಬದಲಾಯಿಸುವ ಆಕ್ಚುಯೇಟರ್ ಎರಡೂ ಹಾಕಿಕೊಟ್ಟು, ಆರು ತಿಂಗಳು ವಾರಂಟಿ ಮುಂದುವರಿಸಿದರು. ನನಗೂ ಅಲೆದು ಸಾಕಾಗಿತ್ತು, ಒಪ್ಪಿಕೊಂಡೆ.

ಡಬಲ್ ಡೆಕ್ಕರ್:

ತಮಾಷೆ ಸಾಕು, ಕೆಲಸಕ್ಕೆ ಬರೋದು ಒಂದು ಹೇಳ್ತೀನಿ. ಕಂಪನಿ ಸರ್ವಿಸ್ ಸೆಂಟರ್‌ಗೆ ಆರ್‌ಸಿ ತಗೊಂಡು ಹೋಗಿ ಹಳೇ ಸರ್ವಿಸ್ ಹಿಸ್ಟರಿ ಕೇಳಿ. ಕೆಲವರು ಕೊಡುತ್ತಾರೆ. ಮುಂದೆ ಗುದ್ದಿಸಿಕೊಂಡ ಗಾಡಿಯೋ ಏನೋ ಗೊತ್ತಾಗುತ್ತದೆ.

ಆರ್‌ಆರ್ ನಗರದವ:

ಅಪ್‌ಡೇಟ್. ಎಲ್ಲರಿಗೂ ಥ್ಯಾಂಕ್ಸ್.

ಶನಿವಾರ ಬೆಳಗ್ಗೆ ಬಾನೆಟ್ ಎತ್ತಿ ಎಸಿ ಹಾಕಿ ಹತ್ತು ನಿಮಿಷ ವಿಡಿಯೋ ಮಾಡಿದೆ. ಫ್ಯಾನ್ ಅಲ್ಲಾಡಲಿಲ್ಲ. ಅದರ ರೆಕ್ಕೆ ಮೇಲೆ ಒಂದು ಜೇಡ ಬಲೆ ಕಟ್ಟಿತ್ತು, ಅಷ್ಟು ದಿನದಿಂದ ತಿರುಗಿಲ್ಲ ಅದು. ಥರ್ಮೋಸ್ಟಾಟ್ ಹಾಕಿದವರ ಕಣ್ಣಿಗೆ ಅದು ಬೀಳಲಿಲ್ಲವಂತೆ.

ಹಿಸ್ಟರಿಯೂ ಸಿಕ್ಕಿತು. 2022ರಲ್ಲಿ ಮುಂದಿನ ಬಂಪರ್, ರೇಡಿಯೇಟರ್ ಎರಡೂ ಬದಲಾಗಿವೆ, ಇನ್ಶೂರೆನ್ಸ್ ಕ್ಲೇಮ್‌ನಲ್ಲಿ. ನನಗೆ ಮಾರುವಾಗ "ಒಂದು ಗೀರೂ ಇಲ್ಲ ಸಾರ್" ಎಂದಿದ್ದರು. ಆ ವಾಟ್ಸಾಪ್ ಮೆಸೇಜ್ ಇನ್ನೂ ಇದೆ.

ವಿಡಿಯೋ ತೋರಿಸಿದಾಗ ಸೂಪರ್‌ವೈಸರ್ ಎರಡು ಸಲ ನೋಡಿ, ಫ್ಯಾನ್ ಕೂಡ ವಾರಂಟಿಯಲ್ಲಿ ಬರಲ್ಲ ಎಂದರು. ಸರಿ, ಅದನ್ನೇ ಬರೆದುಕೊಡಿ, ಮೂರು ಸಲ ನೀವು ನೋಡದೇ ಬಿಟ್ಟಿದ್ದನ್ನೂ ಬರೆಯಿರಿ ಎಂದೆ. ಒಳಗೆ ಹೋಗಿ ಯಾರ ಹತ್ತಿರವೋ ಮಾತಾಡಿಕೊಂಡು ಬಂದು, ಫ್ಯಾನ್ ಫ್ರೀಯಾಗಿ ಹಾಕುತ್ತೇವೆ, ಗ್ಯಾಸ್ಕೆಟ್ ಟೆಸ್ಟ್ ಕೂಡ ಮಾಡುತ್ತೇವೆ ಎಂದರು. ಜಾಬ್ ಕಾರ್ಡ್‌ನಲ್ಲಿ "ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾಗುತ್ತದೆ, ಇದೇ ದೂರಿಗೆ ಮೂರನೇ ಬಾರಿ" ಅಂತ ಬರೆಸಿದೆ. ಪೆನ್ ಸಿಗುತ್ತಿಲ್ಲ ಎಂದರು, ನನ್ನದೇ ಕೊಟ್ಟೆ. ಟೆಸ್ಟ್‌ನಲ್ಲಿ ಹಳದಿ ಬಂದರೆ 1915, ಅದಕ್ಕೂ ಬಗ್ಗದಿದ್ದರೆ ಇ-ಜಾಗೃತಿ.

ಗ್ರೀಸ್ ಕೈ:

ಟೆಸ್ಟ್ ನಿಮ್ಮ ಎದುರೇ ಮಾಡಲಿ. ಗಾಡಿ ಕೈಗೆ ಬಂದ ಮೇಲೆ ಎಸಿ ಹಾಕಿಕೊಂಡು ಅರ್ಧ ಗಂಟೆ ನಿಂತಲ್ಲೇ ನಿಲ್ಲಿಸಿ ನೋಡಿ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್‌ಗೇ ಹೋಗಿ, ಅಲ್ಲಿ ಬೇಡ ಅಂದರೂ ನಿಲ್ಲಿಸುತ್ತಾರೆ.