ಪಾಠಗಳ ಸಂಖ್ಯೆ ಇಳಿಸಿ ಭಿನ್ನರಾಶಿಗೆ ಹೆಚ್ಚು ಸಮಯ ಕೊಟ್ಟವರು ತಮ್ಮ ಅನುಭವ ತಿಳಿಸುವಿರಾ?

ಗಣಿತ ಆರು:
ಮುಂದಿನ ಶೈಕ್ಷಣಿಕ ವರ್ಷದಿಂದ ಪಾಠಗಳ ಅನುಕ್ರಮವನ್ನು ಆಯಾ ವಿಷಯ ಶಿಕ್ಷಕರೇ ನಿರ್ಧರಿಸಬಹುದೆಂದು ನಮ್ಮ ಶಾಲೆಯಲ್ಲಿ ತೀರ್ಮಾನವಾಗಿದೆ. ನನ್ನ ಆರನೇ ತರಗತಿಗೆ ಬರುವ ಮಕ್ಕಳಲ್ಲಿ ಬಹುಪಾಲು ಮಂದಿ 1/2 ಕ್ಕೆ 1/3 ಕೂಡಿಸಿ 2/5 ಎಂದು ಬರೆಯುತ್ತಾರೆ. 0.35 ಮತ್ತು 0.8 ರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ 0.35 ಎನ್ನುತ್ತಾರೆ. ಹೀಗಾಗಿ ಮೊದಲ ಅರ್ಧವರ್ಷದ ಬಹುಭಾಗವನ್ನು ಭಿನ್ನರಾಶಿ ಮತ್ತು ದಶಮಾಂಶಗಳಿಗೇ ಮೀಸಲಿಟ್ಟು, ದತ್ತಾಂಶ ನಿರ್ವಹಣೆ (ಅಂಕಿ-ಅಂಶ, ನಕ್ಷೆ) ಮತ್ತು ಸಮಮಿತಿ ಪಾಠಗಳನ್ನು ಕೈಬಿಡುವ ಯೋಚನೆ ಇದೆ. ಆದರೆ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಅದರಲ್ಲಿ ಎಲ್ಲ ಪಾಠಗಳೂ ಇರುತ್ತವೆ. ಇಂಥ ಪ್ರಯತ್ನ ಮಾಡಿದವರು ಏನು ದಕ್ಕಿತು, ಏನು ಕೈಬಿಟ್ಟುಹೋಯಿತು ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಸಂಖ್ಯಾರೇಖೆ:
ನಾನು ಇದನ್ನು ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ, ಯಾರು ಏನೇ ಅಂದರೂ ಬಿಡುವವಳಲ್ಲ.

ವೃತ್ತವನ್ನು ಭಾಗ ಮಾಡಿ ಬಣ್ಣ ತುಂಬುವ ಚಿತ್ರಗಳನ್ನು ನಾನು ಮೊದಲಿಗೇ ತೆಗೆದುಹಾಕಿದೆ. ಆ ಚಿತ್ರದಲ್ಲಿ ಮಗು ತುಂಡುಗಳನ್ನು ಎಣಿಸುತ್ತದೆಯೇ ಹೊರತು ಒಂದು ಸಂಖ್ಯೆಯನ್ನು ಕಾಣುವುದಿಲ್ಲ; ಬಣ್ಣದ ತುಂಡು ಮೂರು, ಒಟ್ಟು ತುಂಡು ನಾಲ್ಕು, ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳು, ಅಷ್ಟೇ. ಅಂಥ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸದೆ ಇನ್ನೇನು ಮಾಡೀತು? 1978 ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನವೊಂದರಲ್ಲಿ 13 ವರ್ಷದ ಮಕ್ಕಳಿಗೆ 12/13 + 7/8 ರ ಮೊತ್ತವು 1, 2, 19, 21 ಇವುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಲಾಗಿತ್ತು. ಎರಡೂ ಭಿನ್ನರಾಶಿಗಳು ಒಂದಕ್ಕೆ ಅಂಟಿಕೊಂಡೇ ಇವೆ. ಆದರೂ 2 ಎಂದವರು ಶೇ 24 ರಷ್ಟು ಮಾತ್ರ, ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ನ್ನು ಆರಿಸಿದ್ದರು. ನಿಮ್ಮ ಮಕ್ಕಳ 2/5 ಕೂಡ ಅದೇ ಜಾತಿಯದು.

ನಾನು ಕಾಗದದ ಪಟ್ಟಿಗಳಿಂದ ಶುರು ಮಾಡಿದೆ: ಎಡತುದಿ 0, ಬಲತುದಿ 1. ಎರಡು, ನಾಲ್ಕು, ಎಂಟು ಮಡಿಕೆಗಳು ಸಲೀಸಾಗಿ ಬರುತ್ತವೆ. ಮೂರು ಸಮಭಾಗ ಮಾಡಲು ಹೊರಟಾಗ ತೊಂದರೆ ಶುರುವಾಗುತ್ತದೆ. ಮಗು ಕಣ್ಣಳತೆಯಲ್ಲಿ ಮಡಿಸುತ್ತದೆ, ಕೊನೆಯ ಭಾಗ ಗಿಡ್ಡವಾಗುತ್ತದೆ, ಅದನ್ನೇ ಮತ್ತೆ ಆರು ಮಾಡಿದಾಗ 3/6 ರ ಗೆರೆ 1/2 ರ ಗೆರೆಯ ಮೇಲೆ ಕೂರುವುದೇ ಇಲ್ಲ. "ಎರಡೂ ಒಂದೇ ಅಲ್ಲ ಮೇಡಂ, ಪಟ್ಟಿಯಲ್ಲೇ ಕಾಣ್ತಿದೆ" ಎಂದು ಒಬ್ಬ ಹುಡುಗ ಪಟ್ಟು ಹಿಡಿದ, ಅವನ ಪಟ್ಟಿಯ ಮಟ್ಟಿಗೆ ಅವನ ಮಾತು ನಿಜವೂ ಆಗಿತ್ತು. ಆಮೇಲೆ ಮಡಿಸುವುದನ್ನು ನಿಲ್ಲಿಸಿ 12 ಸೆಂ.ಮೀ. ಉದ್ದದ ಪಟ್ಟಿಗೆ ಬಂದೆ. ಅರ್ಧ ಎಂದರೆ 6 ಸೆಂ.ಮೀ., ಮೂರನೇ ಒಂದು 4, ನಾಲ್ಕನೇ ಒಂದು 3, ಆರನೇ ಒಂದು 2. ಎಲ್ಲವೂ ಸ್ಕೇಲಿನ ಗೆರೆಗೇ ಬೀಳುತ್ತವೆ. 1/2 ರ ತುದಿಗೆ 1/3 ಜೋಡಿಸಿದರೆ 10 ಸೆಂ.ಮೀ., ಅಂದರೆ 5/6. ಅದೇ ಪಟ್ಟಿಯಲ್ಲಿ 2/5 ಎಲ್ಲಿ ಬರುತ್ತದೆಂದು ಗುರುತಿಸಿದರೆ ಅದು 4.8 ಸೆಂ.ಮೀ.ಗೆ ಬಂದು ನಿಲ್ಲುತ್ತದೆ, ಅರ್ಧಕ್ಕಿಂತಲೂ ಹಿಂದೆ. ಕೂಡಿಸಿದ ಮೇಲೆ ಮೊತ್ತ ಚಿಕ್ಕದಾಗುವುದು ಹೇಗೆ ಎಂಬ ಪ್ರಶ್ನೆ ಮಗುವಿನಿಂದಲೇ ಬರುತ್ತದೆ.

ಕಳೆದುಕೊಂಡದ್ದನ್ನೂ ಹೇಳುತ್ತೇನೆ. ಪಟ್ಟಿ ಕತ್ತರಿಸಿ, ಗೆರೆ ಎಳೆದು, ಹಿಂಬದಿಯಲ್ಲಿ ಹೆಸರು ಬರೆಯುವಷ್ಟರಲ್ಲಿ 40 ನಿಮಿಷದ ಪಿರಿಯಡ್ಡಿನಲ್ಲಿ ಅರ್ಧ ಕರಗಿರುತ್ತದೆ. ಮರುದಿನ ಕೆಲವರ ಪಟ್ಟಿ ಕಳೆದಿರುತ್ತದೆ, ಕೆಲವರದು ಮುದ್ದೆಯಾಗಿರುತ್ತದೆ, ಕೆಲವರು ಮನೆಯಲ್ಲಿ 11 ಸೆಂ.ಮೀ. ಪಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಕೊನೆಗೆ ನಾನೇ ಕತ್ತರಿಸಿ ಲಕೋಟೆಗೆ ಹಾಕಿ ಇಟ್ಟೆ, ಆ ಲಕೋಟೆ ಹಂಚಿ ಮತ್ತೆ ಎಣಿಸಿ ವಾಪಸ್ ಪಡೆಯುವುದಕ್ಕೆ ಬೇರೆ ಸಮಯ ಹೋಯಿತು. ವಿಸ್ತೀರ್ಣದ ಪಾಠ ವರ್ಷದ ಕೊನೆಗೆ ಜಾರಿತು, ದತ್ತಾಂಶದ ಪಾಠ ಆಗಲೇ ಇಲ್ಲ. ಮುಂದಿನ ತರಗತಿಯ ಶಿಕ್ಷಕರು ಸಭೆಯಲ್ಲಿ ಎಲ್ಲರ ಮುಂದೆ "ಇವರಿಗೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಕೂಡ ಬರುವುದಿಲ್ಲ" ಎಂದರು. ಆ ಮಾತು ಇನ್ನೂ ಮನಸ್ಸಿನಲ್ಲಿದೆ.

ವಿಜ್ಞಾನ ಎಂಟು:
ಮೇಲಿನ ಮೇಡಂ "ದತ್ತಾಂಶದ ಪಾಠ ಆಗಲೇ ಇಲ್ಲ" ಎಂದು ಅರ್ಧ ವಾಕ್ಯದಲ್ಲಿ ಮುಗಿಸಿದ್ದಾರೆ. ಆ ಅರ್ಧ ವಾಕ್ಯದ ಬೆಲೆಯನ್ನು ತೆರುವವನು ನಾನು, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಟನೇ ತರಗತಿಯಲ್ಲಿ ಬಿಸಿನೀರು ಆರುವುದನ್ನು ಥರ್ಮಾಮೀಟರಿನಲ್ಲಿ ನೋಡಿ, ಸಮಯ ಮತ್ತು ತಾಪಮಾನದ ನಕ್ಷೆ ಬರೆಯುವ ಚಟುವಟಿಕೆ ಮಾಡಿಸುತ್ತೇನೆ. ನಮ್ಮ ಶಾಲೆಯಲ್ಲೂ ಒಬ್ಬ ಗಣಿತ ಶಿಕ್ಷಕರು "ಆಳವಾಗಿ ಕಲಿಸುತ್ತೇನೆ" ಎಂದು ನಕ್ಷೆಯ ಪಾಠವನ್ನು ಕೈಬಿಟ್ಟ ವರ್ಷ, ಮಕ್ಕಳು 0, 2, 5, 10 ನಿಮಿಷಗಳನ್ನು ಅಡ್ಡರೇಖೆಯ ಮೇಲೆ ಒಂದೇ ಅಂತರದಲ್ಲಿ ಗುರುತಿಸಿದರು. ಎರಡರಿಂದ ಐದಕ್ಕೂ, ಐದರಿಂದ ಹತ್ತಕ್ಕೂ ಒಂದೇ ಚೌಕ. ನೀರು ಮೊದಲು ಬೇಗ ಆರಿ ಆಮೇಲೆ ನಿಧಾನವಾಗುತ್ತದೆ ಎಂಬುದೇ ಆ ಚಟುವಟಿಕೆಯ ಜೀವಾಳ. ಅಳತೆ ತಪ್ಪಿದಾಗ ಆ ಬಾಗು ನೇರಗೆರೆಯಂತಾಗಿ, ಮಕ್ಕಳು ಒಂದೇ ವೇಗದಲ್ಲಿ ಆರುತ್ತದೆಂದು ಬರೆದುಕೊಂಡು ಹೋದರು. ನಕ್ಷೆಯ ಅಳತೆ, ಅಕ್ಷ, ಮಾನ ಎಲ್ಲವನ್ನೂ ನಾನೇ ಮೊದಲಿನಿಂದ ಕಲಿಸಿದೆ, ಅದಕ್ಕಾಗಿ ಶಬ್ದದ ಪಾಠವನ್ನು ಅವಸರದಲ್ಲಿ ಓದಿಸಿ ಮುಗಿಸಬೇಕಾಯಿತು. ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಆ ಮಕ್ಕಳು ಕೈಯಲ್ಲಿ ಹಿಡಿಯಲಿಲ್ಲ. ಆಳವಾಗಿ ಕಲಿಸಿದ ಹೆಮ್ಮೆ ಆ ಗಣಿತ ಶಿಕ್ಷಕರ ಪಾಲಿಗೆ ಹೋಯಿತು, ಪಠ್ಯ ಮುಗಿಸಲಿಲ್ಲ ಎಂಬ ಆಕ್ಷೇಪ ನನ್ನ ಪಾಲಿಗೆ ಬಂತು.

ಆಳಕ್ಕೆ ಹೋಗುವುದನ್ನು ನಾನು ವಿರೋಧಿಸುತ್ತಿಲ್ಲ. ಋತುಗಳ ಪಾಠದಲ್ಲಿ ನಾನೂ ನಿಲ್ಲುತ್ತೇನೆ. ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂದು ಪ್ರತಿ ವರ್ಷವೂ ಮಕ್ಕಳು ಹೇಳುತ್ತಾರೆ. ಭೂಮಿಯು ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ.; ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಜನವರಿಯಲ್ಲಿ ಉತ್ತರಾರ್ಧಗೋಳಕ್ಕೆ ಚಳಿಗಾಲ, ದಕ್ಷಿಣಾರ್ಧಗೋಳಕ್ಕೆ ಬೇಸಿಗೆ ಏಕೆ ಎಂದು ಕೇಳಿ ಸುಮ್ಮನೆ ಕುಳಿತರೆ, ಭೂಮಿಯ ಅಕ್ಷದ 23.5 ಡಿಗ್ರಿ ಓರೆಯ ಕಡೆಗೆ ತರಗತಿಯೇ ಬರುತ್ತದೆ. ಆದರೆ ಅದಕ್ಕೆ ಬೇಕಾದ ಪಿರಿಯಡ್ಡುಗಳನ್ನು ನನ್ನ ಪಾಠಗಳ ಒಳಗಿನಿಂದಲೇ ಹೊಂದಿಸಿಕೊಳ್ಳುತ್ತೇನೆ, ಬೇರೆಯವರ ತರಗತಿಗೆ ಸಾಲ ಬಿಟ್ಟು ಹೋಗುವುದಿಲ್ಲ.

ಸಂಖ್ಯಾರೇಖೆ:
ಸಾಲ ಎಂಬ ಮಾತು ಅನ್ಯಾಯದ್ದು ಸರ್. ದಶಮಾಂಶವೇ ಅರ್ಥವಾಗದ ಮಗು ನಿಮ್ಮ ಪ್ರಯೋಗದಲ್ಲಿ 0.35 ನ್ನು 0.8 ಕ್ಕಿಂತ ಹೆಚ್ಚೆಂದು ಓದುವಾಗ ಆ ಸಾಲ ಯಾರದು? ಮಂಜುಗಡ್ಡೆಯ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 0.92 ಗ್ರಾಂ, ನೀರಿನದು 1 ಗ್ರಾಂ, ಆದ್ದರಿಂದ ಅದು ತೇಲುತ್ತದೆ ಎಂದು ನೀವು ಹೇಳಿದಾಗ ತೊಂಬತ್ತೆರಡು ಒಂದಕ್ಕಿಂತ ದೊಡ್ಡದಲ್ಲವೇ ಎಂದು ನೋಡುವ ಮಕ್ಕಳು ನಿಮ್ಮ ತರಗತಿಯಲ್ಲೂ ಇದ್ದಾರೆ. ನಾನು ಅವರನ್ನು ಅಲ್ಲಿಂದ ಮೇಲೆತ್ತಿ ಕಳಿಸುತ್ತಿದ್ದೇನೆ.

ಭಾಷಾ ಬೋಧಕಿ:
ಇಬ್ಬರೂ ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂದೇ ವಾದಿಸುತ್ತಿದ್ದೀರಿ. ಕಲಿಸಿದ್ದು ಉಳಿಯುತ್ತದೆಯೇ ಎಂದು ಯಾರೂ ಕೇಳುತ್ತಿಲ್ಲ.

ನಾನು ಒಂದು ಪಾಠವನ್ನೂ ಕೈಬಿಡಲಿಲ್ಲ. ಪ್ರತಿ ವಾರದ ಮೊದಲ ಪಿರಿಯಡ್ಡಿನಲ್ಲಿ ಹಿಂದಿನ ವಾರದ, ಹಿಂದಿನ ತಿಂಗಳ, ಕಳೆದ ವರ್ಷದ ಪ್ರಶ್ನೆಗಳನ್ನು ಕಲಸಿ ಪುಸ್ತಕ ಮುಚ್ಚಿಸಿ ಬರೆಸುತ್ತೇನೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885 ರಲ್ಲಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಂಠಪಾಠ ಮಾಡಿ ತೋರಿಸಿದಂತೆ, ಮರೆವು ಮೊದಲ ಗಂಟೆಗಳಲ್ಲೇ ಅತಿ ಬಿರುಸು. 2006 ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರೇ ಮುಂದಿದ್ದರು. ನಿಮ್ಮ ಭಿನ್ನರಾಶಿಯ ಮಕ್ಕಳು ಅರ್ಧವರ್ಷ ಅದನ್ನೇ ಮಾಡಿ, ಉಳಿದ ಅರ್ಧವರ್ಷ ಮುಟ್ಟದಿದ್ದರೆ ಏನಾಗುತ್ತದೆಂದು ಯೋಚಿಸಿ.

ಇದರ ಭಾರ ಬಿದ್ದದ್ದು ತಿದ್ದುವುದರ ಮೇಲೆ. ಪ್ರತಿ ವಾರ ಎರಡು ವಿಭಾಗಗಳ ಹಾಳೆಗಳ ಕಟ್ಟು ಮನೆಗೆ ಬರುತ್ತಿತ್ತು. ಪ್ರತಿ ಹಾಳೆಗೆ ಎರಡು ಸಾಲು ಬರೆದರೂ ರಾತ್ರಿ ಮುಗಿಯುತ್ತಿರಲಿಲ್ಲ. ಅಂಕ ಹಾಕಿದರೆ ಮಕ್ಕಳು ಅಂಕ ನೋಡಿ ಹಾಳೆ ಮಡಚುತ್ತಿದ್ದರು, ನನ್ನ ಟಿಪ್ಪಣಿಯತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988 ರಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು: ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಬಂದರು, ಅಂಕದ ಜೊತೆ ಟಿಪ್ಪಣಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಹೀಗಾಗಿ ಅಂಕ ಹಾಕುವುದನ್ನು ನಿಲ್ಲಿಸಿದೆ. ಪೋಷಕರ ಸಭೆಯಲ್ಲಿ ಒಬ್ಬರು ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟು, "ಇಷ್ಟೆಲ್ಲ ಬರೆದಿದ್ದೀರಿ, ನನ್ನ ಮಗಳು ಹತ್ತಕ್ಕೆ ಎಷ್ಟು ಎಂದು ಮಾತ್ರ ಬರೆದಿಲ್ಲ" ಎಂದರು. ಉಳಿದವರೂ ದನಿಗೂಡಿಸಿದರು, ಮುಖ್ಯೋಪಾಧ್ಯಾಯರು ನನ್ನ ಪರ ಒಂದು ಮಾತನ್ನೂ ಆಡಲಿಲ್ಲ. ಆದರೂ ನಾನು ಅಂಕಕ್ಕೆ ಮರಳಲಿಲ್ಲ.

ಮತ್ತೊಂದು ಮಾತು. ಗಣಿತದ ವಾಕ್ಯರೂಪದ ಲೆಕ್ಕಗಳಲ್ಲಿ ಮಕ್ಕಳು ಎಡವುವುದಕ್ಕೆ ಕಾರಣ ಬಹಳ ಸಲ ಗಣಿತವಲ್ಲ, ಓದು. "ಉಳಿದದ್ದರಲ್ಲಿ ಮೂರನೇ ಒಂದು ಭಾಗ" ಎಂಬಲ್ಲಿ "ಉಳಿದದ್ದರಲ್ಲಿ" ಎಂಬುದನ್ನು ಬಿಟ್ಟು ಓದುವ ಮಗುವಿಗೆ ಯಾವ ಪಟ್ಟಿ ಕೊಟ್ಟರೂ ಪ್ರಯೋಜನವಿಲ್ಲ.

ನಿವೃತ್ತ ಗಣಿತ ಮೇಷ್ಟ್ರು:
ಎಲ್ಲವನ್ನೂ ಓದಿದೆ. ಮಗ್ಗಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. 7/12 ಕ್ಕೆ 5/18 ಕೂಡಿಸಬೇಕಾದ ಮಗುವಿಗೆ 36 ಎಂಬುದು 12 ರ ಮಗ್ಗಿಯಲ್ಲೂ 18 ರ ಮಗ್ಗಿಯಲ್ಲೂ ಬರುತ್ತದೆಂದು ತಕ್ಷಣ ಹೊಳೆಯದಿದ್ದರೆ, ಅದರ ಮನಸ್ಸೆಲ್ಲ ಗುಣಾಕಾರದಲ್ಲೇ ಮುಳುಗಿ ಭಿನ್ನರಾಶಿ ಮರೆತೇಹೋಗುತ್ತದೆ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವ ಸಂಗತಿಗಳಿಗೆ ಮಿತಿಯಿದೆ. ಮನೋವಿಜ್ಞಾನಿ ಸ್ವೆಲ್ಲರ್ 1988 ರಲ್ಲಿ ಬರೆದ ಅರಿವಿನ ಹೊರೆಯ ಸಿದ್ಧಾಂತ ನಿಂತಿರುವುದು ಅದರ ಮೇಲೆಯೇ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ದಿನದ ಮೊದಲ ಹತ್ತು ನಿಮಿಷ ಮಗ್ಗಿ ಹೇಳಿಸಿದೆ. ಬಾಯಿಪಾಠದವನು ಎಂದು ಹೊಸಬರು ನನ್ನನ್ನು ಕಡೆಗಣಿಸಿದರು, ತರಬೇತಿಗಳಲ್ಲಿ ನನ್ನ ಪದ್ಧತಿಯನ್ನು ಹೇಗೆ ಕಲಿಸಬಾರದು ಎಂಬುದಕ್ಕೆ ಉದಾಹರಣೆಯಾಗಿ ಕೊಟ್ಟರು. ನನ್ನ ಮಕ್ಕಳು ಮುಂದಿನ ತರಗತಿಗಳಲ್ಲಿ ಬೀಜಗಣಿತದ ಅಪವರ್ತನವನ್ನು ಸರಾಗವಾಗಿ ಮಾಡಿದಾಗ ಯಾರೂ ಬಂದು ಕೇಳಲಿಲ್ಲ.

ಸಂಖ್ಯಾರೇಖೆಯವರಿಗೆ ಒಂದು ನೇರ ಪ್ರಶ್ನೆ. ನಿಮ್ಮ 12 ಸೆಂ.ಮೀ. ಪಟ್ಟಿಯಲ್ಲಿ ಮಗು 1/2 ಮತ್ತು 1/3 ನ್ನು ಕೂಡಿಸುತ್ತಿಲ್ಲ, 6 ಮತ್ತು 4 ನ್ನು ಕೂಡಿಸುತ್ತಿದೆ. ಪೂರ್ಣಸಂಖ್ಯೆಯಿಂದ ಬಿಡಿಸುತ್ತೇನೆಂದು ಹೊರಟವರು ಪೂರ್ಣಸಂಖ್ಯೆಗೇ ತಂದು ನಿಲ್ಲಿಸಿದ್ದೀರಿ. 1/5 ಮತ್ತು 1/7 ಕೊಟ್ಟರೆ ನಿಮ್ಮ ಪಟ್ಟಿ ಏನು ಮಾಡುತ್ತದೆ?

ಸಂಖ್ಯಾರೇಖೆ:
1/5 ಮತ್ತು 1/7 ಬಂದಾಗ ಮಕ್ಕಳೇ ಹೊಸ ಪಟ್ಟಿಯ ಉದ್ದ ಎಷ್ಟಿರಬೇಕೆಂದು ಹುಡುಕುತ್ತಾರೆ, 35 ಸೆಂ.ಮೀ. ಬೇಕೆಂದು ಹೇಳುತ್ತಾರೆ. ನೀವು ಲ.ಸಾ.ಅ. ಎಂದು ನಿಯಮವಾಗಿ ಕೊಡುವುದನ್ನು ಅವರು ಅವಶ್ಯಕತೆಯಾಗಿ ಕಂಡುಕೊಳ್ಳುತ್ತಾರೆ. ಮಗ್ಗಿಯನ್ನು ನಾನು ಬೇಡವೆಂದು ಎಲ್ಲಿಯೂ ಬರೆದಿಲ್ಲ ಸರ್, ಬರೆಯದ ಮಾತನ್ನು ನನಗೆ ಅಂಟಿಸಬೇಡಿ.

ನಿವೃತ್ತ ಗಣಿತ ಮೇಷ್ಟ್ರು:
35 ಎಂದು ಹೇಳುವುದಕ್ಕೂ ಐದೇಳಲಿ ಮೂವತ್ತೈದು ಬಾಯಲ್ಲಿ ಇರಬೇಕು ತಾಯಿ. ಅದು ಬಂದದ್ದು ಯಾರಿಂದ?

ಭಾಷಾ ಬೋಧಕಿ:
ಹಿರಿಯರೆಂದು ಗೌರವವಿದೆ, ಆದರೆ ನಿಮ್ಮ ಮಗ್ಗಿ ಉಳಿದದ್ದು ನೀವು ದಿನವೂ ಪುಸ್ತಕವಿಲ್ಲದೆ ನೆನಪಿನಿಂದ ಹೇಳಿಸಿದ್ದರಿಂದ. ನಾನು ಬರೆದದ್ದೂ ಅದನ್ನೇ. ಅದು ಮಗ್ಗಿಗೆ ಮಾತ್ರ ಏಕೆ, ವ್ಯಾಕರಣಕ್ಕೂ ವಿಜ್ಞಾನಕ್ಕೂ ಏಕೆ ಬೇಡ?

ಗಣಿತ ಆರು:
ಎಲ್ಲರಿಗೂ ಧನ್ಯವಾದಗಳು. ನಾನು ಕೇಳಿದ್ದು ಹೊರಗಿನ ಪ್ರಶ್ನೆಪತ್ರಿಕೆಯ ಬಗ್ಗೆ. ಬಿಟ್ಟ ಪಾಠಗಳ ಅಂಕ ಹೋಗುತ್ತದಲ್ಲ, ಅದನ್ನು ಹೇಗೆ ನಿಭಾಯಿಸಿದಿರಿ?

ಸಂಖ್ಯಾರೇಖೆ:
ಕೊನೆಯ ದಿನಗಳಲ್ಲಿ ದತ್ತಾಂಶದ ಪ್ರಶ್ನೆಗಳ ಮಾದರಿಯನ್ನಷ್ಟೇ ಮಾಡಿಸಿದೆ. ಸ್ತಂಭಾಲೇಖ (ಬಾರ್ ಗ್ರಾಫ್) ಓದುವ ಪ್ರಶ್ನೆಗಳಿಗೆ ಅಂಕ ಬಂತು, ಬರೆಯುವ ಪ್ರಶ್ನೆಗಳಿಗೆ ಬರಲಿಲ್ಲ. ಭಿನ್ನರಾಶಿ ಮತ್ತು ಶೇಕಡಾ ಪ್ರಶ್ನೆಗಳಲ್ಲಿ ಗಳಿಸಿದ್ದು ಆ ನಷ್ಟವನ್ನು ತುಂಬಿಕೊಟ್ಟಿತು.

ವಿಜ್ಞಾನ ಎಂಟು:
ಅಂದರೆ ಪರೀಕ್ಷೆಯಲ್ಲಿ ನಷ್ಟ ತುಂಬಿತು, ನನ್ನಂಥವರ ತರಗತಿಯಲ್ಲಿ ತುಂಬಲಿಲ್ಲ. ಅಕ್ಷದ ಮೇಲೆ ಅಳತೆ ಹಾಕಲು ಬಾರದ ಮಕ್ಕಳು ಹೀಗೇ ತಯಾರಾಗುತ್ತಾರೆ.

ಗಣಿತ ಆರು ಮೇಡಂ, ನೀವು ಬಿಡಬೇಕೆಂದಿರುವ ಎರಡೂ ಪಾಠಗಳು ವಿಜ್ಞಾನಕ್ಕೆ ಬೇಕು. ಸಮಮಿತಿ ಇಲ್ಲದೆ ಕನ್ನಡಿಯ ಪ್ರತಿಬಿಂಬ ಕಲಿಸುವುದು ಕಷ್ಟ, ದತ್ತಾಂಶ ಇಲ್ಲದಿದ್ದರೆ ಏನಾಗುತ್ತದೆಂದು ಬರೆದಿದ್ದೇನೆ. ಸಂಖ್ಯಾರೇಖೆ ಕಲಿಸಿದ ಮೇಲೆ ನಕ್ಷೆಯ ಅಕ್ಷ ಎಂಬುದು ಅದೇ ರೇಖೆ. ದತ್ತಾಂಶವನ್ನು ದಶಮಾಂಶದ ಪಾಠದ ಒಳಗೇ ತಂದು, 0.35 ಮತ್ತು 0.8 ನ್ನು ಅಕ್ಷದ ಮೇಲೆ ಮಕ್ಕಳಿಂದಲೇ ಗುರುತಿಸಿಸಿ. ಸಮಮಿತಿಗೆ ಮಡಿಸಲು ಆ ಪಟ್ಟಿಗಳೇ ಸಾಕು. ಏನನ್ನಾದರೂ ಬಿಡಲೇಬೇಕಾದರೆ ಬಿಡುವ ಮುನ್ನ ನಿಮ್ಮ ಶಾಲೆಯ ಏಳು ಮತ್ತು ಎಂಟನೇ ತರಗತಿಯ ಗಣಿತ, ವಿಜ್ಞಾನ ಶಿಕ್ಷಕರ ಮುಂದೆ ಬಿಡುವ ಪಾಠಗಳ ಹೆಸರುಗಳನ್ನು ಇಡಿ, ಯಾರ ಯಾವ ಪಾಠ ಯಾವ ತಿಂಗಳಲ್ಲಿ ನಿಮ್ಮ ಪಾಠದ ಮೇಲೆ ನಿಂತಿದೆಯೆಂದು ಬರೆಸಿಕೊಳ್ಳಿ.

ಸಂಖ್ಯಾರೇಖೆ:
ಅಕ್ಷ ಅದೇ ರೇಖೆ ಎಂಬುದನ್ನು ಒಪ್ಪುತ್ತೇನೆ, ಈ ವರ್ಷ ಹಾಗೆಯೇ ಮಾಡುತ್ತೇನೆ. ಆದರೆ ಬರೆಸಿಕೊಳ್ಳುವುದು ಎರಡೂ ಕಡೆಯಿಂದ ಆಗಬೇಕು ಸರ್. ನಿಮ್ಮ ಸಾಂದ್ರತೆಯ ಪಾಠ ಶುರುವಾಗುವ ಮುನ್ನ ದಶಮಾಂಶ ಎಷ್ಟು ಗಟ್ಟಿಯಾಗಿರಬೇಕೆಂದು ನೀವೂ ನಮಗೆ ಬರೆದುಕೊಡಿ. ಇಷ್ಟು ವರ್ಷಗಳಲ್ಲಿ ಯಾವ ವಿಜ್ಞಾನ ಶಿಕ್ಷಕರೂ ನನ್ನ ಬಳಿ ಬಂದು ಅದನ್ನು ಹೇಳಿಲ್ಲ.